ಅಕ್ಕ ಕಲಿಸಿದ ಎಡಗೈ

ಬೇಕರಿ ಮೇಲಿನ ಕೋಣೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಭಾವ ಇನ್ನೂ ಸಕ್ಕರೆ ಕದ್ದು ತಿನ್ನುತ್ತಾರಾ? ನನ್ನ ಮೂರು ಕಾಗದಕ್ಕೂ ನಿನ್ನ ಉತ್ತರವಿಲ್ಲ. ರೇಡಿಯೋದವರು 'ಪಿಯಾನೋ ಕಲಿಸಿದ ಗುರು ಯಾರು?' ಎಂದು ಕೇಳಿದಾಗ, 'ಯಾರೂ ಇಲ್ಲ, ಕೇಳಿ ಕೇಳಿ ಕಲಿತೆ' ಎಂದು ಕೊಚ್ಚಿಕೊಂಡೆನಲ್ಲ, ಅಂದಿನಿಂದ ನೀನು ಮಾತು ಬಿಟ್ಟೆ. ನಿನ್ನ ಸಿಟ್ಟು ನ್ಯಾಯವೇ. ಆದರೂ ಸುದ್ದಿ ಹೇಳದೆ ಇರಲಾರೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ನಮ್ಮ ಜಾಝ್ ತಂಡದಲ್ಲಿ ಈಗ ಮೂವರು. ಪಿಯಾನೋಗೆ ನಾನು, ಡ್ರಮ್ಸಿಗೆ ಹಲ್ಲಿನ ಸೆಟ್ಟು ಮಾಡುವವನೊಬ್ಬ, ನಿಂತು ನುಡಿಸುವ ದೊಡ್ಡ ತಂತಿವಾದ್ಯ ಬಾಸಿಗೆ ಒಬ್ಬ ನಿವೃತ್ತ ಮೇಷ್ಟ್ರು. ಮೇಷ್ಟ್ರ ಮಾತು ಮುತ್ತು, ಉದುರುವುದೇ ಅಪರೂಪ. ಮೊದಲ ದಿನವೇ, "ನಿನ್ನ ಎಡಗೈ ನನ್ನ ಕಾಲು ತುಳೀತಿದೆ ಕಣಯ್ಯಾ, ಸ್ವಲ್ಪ ಸುಮ್ಮನಿರಿಸು" ಎಂದರು. ಅದೂ ಸರಿಯೇ, ಕೆಳಗಿನ ಸ್ವರಗಳು ಬಾಸಿನ ಪಾಲು. ಎರಡು ತಿಂಗಳು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡೇ ಅಭ್ಯಾಸ ಮಾಡಿದೆ. ಚಿಕ್ಕಂದಿನಲ್ಲಿ ನನ್ನ ಬಲಗೈಯನ್ನು ಕುರ್ಚಿಗೆ ಕರವಸ್ತ್ರದಿಂದ ಕಟ್ಟಿ, ಎಡಗೈಯೊಂದರಲ್ಲೇ ಇಡೀ ಹಾಡು ನುಡಿಸುವವರೆಗೆ ಊಟಕ್ಕೆ ಬಿಡುತ್ತಿರಲಿಲ್ಲವಲ್ಲ ನೀನು, ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂದುಕೊಂಡೆ. ಆದರೆ ತಂಡ ಸುಧಾರಿಸಿತು. ಒಬ್ಬರಿಗೊಬ್ಬರು ಜಾಗ ಬಿಡುವುದನ್ನು ಕಲಿತೆವು.

ಹೋದ ಭಾನುವಾರ ಮಧ್ಯಾಹ್ನ ನಮ್ಮ ಕಛೇರಿಗೆ ಹೋಟೆಲಿನ ಸಭಾಂಗಣ ತುಂಬಿತ್ತು, ಮೇಷ್ಟ್ರಿಗೆ ಬಸ್ಸು ತಪ್ಪಿತ್ತು. ಕಾಯುವಂತಿರಲಿಲ್ಲ, ಡ್ರಮ್ಸಿನವನು ಶುರು ಮಾಡೇಬಿಟ್ಟ. ನನ್ನ ಎಡಗೈ ನನ್ನನ್ನು ಕೇಳದೆ ಬಾಸಿನ ಕೆಲಸಕ್ಕೆ ಇಳಿಯಿತು. ಕಿರುಬೆರಳು ಕೆಳಸ್ವರಗಳ ನಡಿಗೆ ಹಿಡಿಯಿತು, ಮಿಕ್ಕವು ಜೊತೆಸ್ವರ ಸೇರಿಸಿದವು, ನೀನು ಕಲಿಸಿದ ಹಾಗೆಯೇ. ತಡವಾಗಿ ಬಂದ ಮೇಷ್ಟ್ರು ಬಾಗಿಲಲ್ಲೇ ವಾದ್ಯವನ್ನು ತಬ್ಬಿಕೊಂಡು ನಿಂತು ಮೂರು ಹಾಡು ಕೇಳಿದರು. ಆಮೇಲೆ, "ಇದನ್ನ ಯಾರು ಕಲಿಸಿದ್ರು?" ಎಂದರು. ನಮ್ಮಕ್ಕ ಎಂದೆ. "ಮತ್ತೆ ರೇಡಿಯೋದಲ್ಲಿ ಬೇರೇನೋ ಹೇಳಿದ್ದೆಯಲ್ಲ?" ನಾಚಿಕೆಯಾಯಿತು ಅಕ್ಕಾ. ಅವರು ಬಾಸಿನ ಶ್ರುತಿ ಮಾಡತೊಡಗಿದರು.

ಭಾವನಿಗೆ ನಮಸ್ಕಾರ ಹೇಳು, ಪುಟ್ಟಿಗೊಂದು ಮುತ್ತು ಕೊಡು. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ತಮ್ಮ,
ಮೊಂಡ

ತಾ.ಕ.: ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ರೇಡಿಯೋದವರು ನಮ್ಮ ಮೂವರನ್ನೂ ಕರೆದಿದ್ದಾರೆ, ನೇರ ಪ್ರಸಾರ. ಅಂದು ಅಕ್ಕ ಕಲಿಸಿದ್ದು ಎಂದರೆ ನಗುತ್ತಾರೆಂದು ಹೆದರಿದ್ದೆ. ತಪ್ಪಾಯಿತು. ಈ ಸಲ ಅವರು ಕೇಳದಿದ್ದರೂ ನಾನೇ ಹೇಳುತ್ತೇನೆ. ಕೋಪ ಇಳಿದಿಲ್ಲವಾದರೆ ನೀನು ಅಡುಗೆಮನೆಯಲ್ಲೇ ಇರು. ರೇಡಿಯೋ ಜೋರಾಗಿ ಹಾಕಿ ಎಂದು ಭಾವನಿಗೆ ಬೇರೆ ಕಾಗದ ಬರೆದಿದ್ದೇನೆ.