ಬಿದಿರಿನ ಮೊಳೆ

ಫೆಬ್ರುವರಿ 2, ಭಾನುವಾರ, ಬೆಳಿಗ್ಗೆ 11

ನಿನ್ನೆ ಕತ್ತಿವರಸೆ ಕ್ಲಾಸಿತ್ತು, ಹಾಗಾಗಿ ಇವತ್ತು ಕತ್ತಿಯ ಸೇವೆ. ಹಳೆ ಎಣ್ಣೆಯನ್ನು ಮೆತ್ತನೆ ಕಾಗದದಲ್ಲಿ ಒರೆಸಿ, ಬಿಳಿ ಪುಡಿ ತಟ್ಟಿ, ಮತ್ತೆ ಒರೆಸಿ, ಹೊಸ ಎಣ್ಣೆ — ತೆಳ್ಳಗೆ, ಲವಂಗದ ವಾಸನೆಯದು. ಹಿಡಿ ಬಿಚ್ಚಿ ಒಳಗೂ ನೋಡಿದೆ. ತುಕ್ಕಿಲ್ಲ. ಕಮ್ಮಾರ ಕೈಯಲ್ಲೇ ಬಡಿದು ಮಾಡಿದ ಜಪಾನಿ ಕತ್ತಿ, ಎರಡು ವರ್ಷ ಕಾದು ತರಿಸಿದ್ದು. ಬರಿಗೈ ತಾಗಿದರೂ ಕಲೆ ಕಚ್ಚಿಕೊಳ್ಳುತ್ತದೆ.

ಕೊನೆಗೆ ಬಿದಿರಿನ ಮೊಳೆ. ಕಿರುಬೆರಳಿನಷ್ಟೂ ಇಲ್ಲ. ಅಲಗನ್ನು ಹಿಡಿಯೊಳಗೆ ನಿಲ್ಲಿಸುವುದು ಅದೊಂದೇ.

ಲಕ್ಷ್ಮೀಶ ಬಾಗಿಲಲ್ಲಿ ನಿಂತು ನೋಡಿದ. "ಗಂಡಂಗೂ ಇಷ್ಟು ಸೇವೆ ಇಲ್ಲ." ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ನಕ್ಕರು. ಮೈಸೂರಿಂದ ಬಂದು ತಿಂಗಳಾಯಿತು, ಮಗ ಏನು ಹೇಳಿದರೂ ನಗುತ್ತಾರೆ. ಹೋದ ಭಾನುವಾರ ನಮ್ಮಿಬ್ಬರಿಗೆ ಜಗಳವಾದಾಗಿನಿಂದ, ಒಂದು ವಾರ, ನನ್ನೊಂದಿಗೆ ಅವನದು ಬರೀ ಚುಚ್ಚುಮಾತು.

ಫೆಬ್ರುವರಿ 8, ಶನಿವಾರ

ಊರಿನ ಆ ತುದಿಯ ಲ್ಯಾವಿಂಗ್ಟನ್‌ನಲ್ಲಿ ಕ್ಲಾಸು. ಚಾಪೆ ಸುರುಳಿ ಕತ್ತರಿಸುವ ದಿನ. ವಿನ್ಸೆಂಟ್ ಸರ್ ಎಂದಿನಂತೆ ಎಲ್ಲರ ಕತ್ತಿಯ ಹಿಡಿ ಒತ್ತಿ ನೋಡುತ್ತಾ ಬಂದರು. ನನ್ನದರ ಹತ್ತಿರ ನಿಂತರು. ಮೊಳೆ ಇಲ್ಲ. ಬರೀ ತೂತು.

"ಒನ್ ಸ್ವಿಂಗ್, ಶೈಲಜಾ. ಅಲಗು ಹಾರಿಹೋಗುತ್ತಿತ್ತು."

ಎದುರಿಗೆ ಫೋನ್ ಹಿಡಿದು ವಿಡಿಯೊಗೆ ಕಾಯುತ್ತಿದ್ದವಳು ಪ್ರಗತಿ. ನನ್ನ ಮಗಳು. "ಮಾ, ವೈ ಆರ್ ಯು ನಾಟ್ ಸ್ಟಾರ್ಟಿಂಗ್?" ಅಂತಾಳೆ. ಕತ್ತಿಯನ್ನು ಒರೆಗೆ ಸೇರಿಸಿದೆ.

ನಾನೇ ಮರೆತೆನಾ? ಇಲ್ಲ. ಹಾಕಿದ್ದೆ.

ಫೆಬ್ರುವರಿ 14, ಶುಕ್ರವಾರ, ಸಂಜೆ

ಭಾನುವಾರ ಹೊಸ ಮೊಳೆ ಹಾಕಿದ್ದೆ. ಈಗ ನೋಡಿದರೆ ಮತ್ತೆ ಇಲ್ಲ. ತಾನಾಗಿ ಇಳಿದು ನಡೆದುಹೋಯಿತಾ?

ಮೊಳೆಯ ವಿಷಯ ಗೊತ್ತಿರುವುದು ಲಕ್ಷ್ಮೀಶನೊಬ್ಬನಿಗೆ. ಹೋದ ವರ್ಷ ಬಿಗಿಯಾಗಿ ಸಿಕ್ಕಿಕೊಂಡಾಗ ತಟ್ಟಿ ತೆಗೆದುಕೊಟ್ಟವನೇ ಅವನು. ಇವತ್ತು ತಿಂಡಿ ತಿನ್ನುವಾಗ ಕೇಳಿದ: "ನಾಳೆ ಕ್ಲಾಸಿದ್ಯಾ?" ಎರಡು ವರ್ಷದಲ್ಲಿ ಮೊದಲ ಸಲ.

ಇಲ್ಲ ಎಂದೆ. ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿ ಏನೂ ತಿಳಿಯಲಿಲ್ಲ.

ಫೆಬ್ರುವರಿ 23, ಭಾನುವಾರ

ಬರೆಯಲು ಭಯವಾಗಿತ್ತು. ಮೊಳೆ ತೆಗೆದವನು ಲಕ್ಷ್ಮೀಶನೇ ಎಂದು ಬರೆದರೆ ನಿಜವಾಗಿಬಿಡುತ್ತದೇನೋ ಅಂತ. ಅವನು ಕಾಫಿ ತಂದುಕೊಟ್ಟರೆ ಮೂಸಿ ಕುಡಿಯುತ್ತೇನೆ. ನಾಚಿಕೆ ಆಗುತ್ತದೆ... ಆದರೂ ಮೂಸುತ್ತೇನೆ.

ನಾಳೆ ಆಫೀಸ್ ಕೆಲಸಕ್ಕೆ ಮೊಂಬಾಸಾಗೆ ಹೋಗುತ್ತಾನೆ, ನಾಲ್ಕು ದಿನ. ಅವನು ಹೊರಟ ಮೇಲೆ ಮೊಳೆ ಹಾಕುತ್ತೇನೆ. ನೋಡೇಬಿಡೋಣ.

ಫೆಬ್ರುವರಿ 26, ಬುಧವಾರ, ಮಧ್ಯಾಹ್ನ 2

ಕಾಲೇಜಿನಲ್ಲಿ ನನ್ನ ಎರಡನೇ ಲೆಕ್ಚರ್ ರದ್ದು. ಹನ್ನೊಂದಕ್ಕೇ ಸೌತ್ ಬಿಯ ಮನೆ ತಲುಪಿದೆ. ನಮ್ಮ ರೂಮಿನಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಒರೆಯಲ್ಲಿದ್ದ ಕತ್ತಿ. ಸ್ವೆಟರ್ ಹೆಣೆಯುವ ಕಡ್ಡಿಯಿಂದ ಮೊಳೆಯನ್ನು ದಬ್ಬುತ್ತಿದ್ದರು.

"ಏನ್ ಮಾಡ್ತಿದೀರಿ ಅತ್ತೆ?"

"ಇದನ್ನ ತೆಗೆದ್ರೆ ಕತ್ತಿ ಕೆಲಸಕ್ಕೆ ಬರಲ್ಲ ಅಲ್ವೇನಮ್ಮ. ಎತ್ತಿದ ತಕ್ಷಣ ಕಳಚಿ ಬೀಳತ್ತೆ."

ಬೀಳುವುದಿಲ್ಲ, ಹಾರುತ್ತದೆ ಎಂದೆ. ಅವತ್ತು ಎದುರಿಗೆ ಪ್ರಗತಿ ನಿಂತಿದ್ದಳು ಎಂದೆ. ಕಡ್ಡಿ ಕೈಯಿಂದ ಜಾರಿತು. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ನನಗೆ ಕನಿಕರ ಬರಲಿಲ್ಲ, ಕೋಪ ಉಕ್ಕಿ ಬಂತು. ಯಾಕೆ ಹೀಗೆ ಮಾಡಿದಿರಿ ಎಂದು ಎರಡು ಸಲ ಕೇಳಿದೆ.

"ಅವತ್ತು ಜಗಳದಲ್ಲಿ ನಾನು ಬಾಗಿಲಲ್ಲೇ ಇದ್ದೆ, ಶೈಲಜಾ. ಅವನು ಕೂಗ್ತಿದ್ದ. ನೀನು ಕೂಗ್ಲಿಲ್ಲ. ಕೈಲಿ ಕತ್ತಿ ಇತ್ತು, ಕೆಳಗಿಡ್ಲೇ ಇಲ್ಲ ನೀನು. ನನ್ ಮಗ ಹಿಂದಹಿಂದಕ್ಕೆ ಹೋಗ್ತಿದ್ದ."

ಅದೇ ದಿನ, ಸಂಜೆ 4

ಅತ್ತೆ ತಮ್ಮ ರೂಮಿನಿಂದ ಹೊರಗೆ ಬಂದಿಲ್ಲ. ಅವತ್ತು ಎಣ್ಣೆ ಹಚ್ಚುತ್ತಿದ್ದೆ ಅತ್ತೆ, ಅಷ್ಟೇ, ಎಂದು ಅವರ ಮಾತಿಗೆ ಹೇಳಿದ್ದೆ. ಸುಳ್ಳಲ್ಲ. ಹಚ್ಚುತ್ತಿದ್ದೆ. ಅರ್ಧದಲ್ಲಿ ಅವನು ಬಂದ, ಮಾತಿಗೆ ಮಾತು ಬೆಳೆಯಿತು.

ಇಷ್ಟು ದಿನ ಅವನ ಕಾಫಿ ಮೂಸಿದೆ. ಅವನು ಯಾಕೆ ಹಿಂದೆ ಸರಿದ ಎಂದು ಒಂದು ಸಲವೂ ಯೋಚಿಸಲಿಲ್ಲ.

ಎಣ್ಣೆ ಹಚ್ಚುವಾಗ ಒಂದು ಕೈ ಹಿಡಿಯ ಮೇಲೆ, ಇನ್ನೊಂದರಲ್ಲಿ ಕಾಗದ. ಕಾಗದ ನೆಲದ ಮೇಲೆ ಬಿದ್ದಿತ್ತು. ಈಗ ಸರಿಯಾಗಿ ನೆನಪಾಗುತ್ತಿದೆ. ನನ್ನ ಎರಡೂ ಕೈ ಹಿಡಿಯ ಮೇಲಿದ್ದವು.