ಮಾಳವ್ವನಿಂದ ಕಲಿತ ದಾರಿಗಣ್ಣು

ಮೋಟೆಬೆನ್ನೂರು ಹೆದ್ದಾರಿ, ೨೧೬೪ರ ಮಾಗಿ

ನೂರು ವರ್ಷಕ್ಕೂ ಹಿಂದೆ, ಇನ್ನೂ ತಮ್ಮ ಕೈಯಿಂದಲೇ ಗಾಡಿ ನಡೆಸುತ್ತಿರುವ ಹಿರಿಯರಿಗೆ, ಹೊನ್ನವ್ವನ ನಮಸ್ಕಾರಗಳು. ನೀವೆಲ್ಲ ಹೋಗಿ ಎಷ್ಟೋ ಕಾಲವಾದ ಮೇಲೆ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಮ್ಮ ಹೆದ್ದಾರಿಯ ಕಂಬಗಳ ಮೇಲೆ ದಾರಿಗಣ್ಣುಗಳಿವೆ. ಅಪಘಾತವಾದರೆ ತಾವೇ ಗುರುತಿಸಿ ಆಂಬುಲೆನ್ಸ್ ಕರೆಸುವ ಕ್ಯಾಮೆರಾಗಳಿಗೆ ನಾವಿಟ್ಟ ಹೆಸರು ಅದು. ನಿಮ್ಮ ಕಾಲದ ರಸ್ತೆಗಳ ಸಾವಿರಾರು ವಿಡಿಯೊ ತೋರಿಸಿ ಅವಕ್ಕೆ ಮೊದಲ ಪಾಠ ಹೇಳಿದವರು ನೀವು. ವಾಹನಗಳು ನಿಂತರೆ, ಸಾಲುಗಟ್ಟಿದರೆ, ಏನೋ ಆಗಿದೆ ಎಂದು ಅವು ಕಲಿತವು. ಅದರಿಂದ ಬದುಕಿದವರು ನಮ್ಮೂರಲ್ಲೇ ಬಹಳ ಮಂದಿ ಇದ್ದಾರೆ. ಅದನ್ನು ನಾನು ಮರೆತಿಲ್ಲ.

ನನ್ನ ಅಕ್ಕ ಮಾಳವ್ವ ಕುರಿ ಕಾಯುತ್ತಿದ್ದಳು. ಗಟ್ಟಿ ದನಿಯವಳು, ರಸ್ತೆಯ ಆಚೆ ನಿಂತು ಕರೆದರೆ ನನ್ನ ಒಲೆಯ ಮುಂದೆ ಕೇಳುತ್ತಿತ್ತು. ಹೋದ ಮಾಗಿಯ ಒಂದು ಬೆಳಗ್ಗೆ ಕುರಿಗಳನ್ನು ದಾಟಿಸಿ, ಹಿಂದುಳಿದ ಮರಿಯೊಂದಕ್ಕಾಗಿ ತಿರುಗಿ ಬಂದಾಗ, ಸರಕಿನ ಗಾಡಿಯ ಅಂಚು ತಗುಲಿ ಬಿದ್ದಳು. ನಮ್ಮ ಗಾಡಿಗಳಿಗೆ ಚಾಲಕರಿಲ್ಲ. ಹಿಂದೆ ಬಂದವೆಲ್ಲ ಅವಳನ್ನು ನಾಜೂಕಾಗಿ ಬಳಸಿಕೊಂಡು ಹೋದವು. ಒಂದೂ ನಿಲ್ಲಲಿಲ್ಲ, ಒಂದೂ ನಿಧಾನವಾಗಲಿಲ್ಲ. ಒಳಗಿದ್ದವರು ನಿದ್ದೆಯಲ್ಲಿದ್ದರೋ ಏನೋ.

ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ಕುರಿಗಳು ಬೇಲಿಯ ಬಳಿ ಗುಂಪಾಗಿ ನಿಂತಿದ್ದವು. ಅಕ್ಕನ ಮೈ ಇನ್ನೂ ಬೆಚ್ಚಗಿತ್ತು. ಸ್ವಲ್ಪ ಮೊದಲು ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದಳು ಎಂದರು ಡಾಕ್ಟರು.

ದಾರಿಗಣ್ಣುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಇರ್ಫಾನ್ ಸಾಹೇಬರು ಮನೆಗೆ ಬಂದರು.

“ಅಷ್ಟು ಕಣ್ಣಿದ್ದೂ ಯಾಕ ಕಾಣ್ಲಿಲ್ರಿ?” ಎಂದು ಕೇಳಿದೆ.

“ಕಂಡಿತ್ತವ್ವಾ,” ಎಂದರು ಅವರು, ತಲೆ ಎತ್ತದೆ. “ಆದ್ರ ಗಾಡಿ ಒಂದೂ ನಿಂದರ್ಲಿಲ್ಲ. ಗಾಡಿ ನಿಂತ್ರ ಮಾತ್ರ ಅದಕ್ಕ ಅಪಘಾತ ಅಂತ ತಿಳೀತದ.”

ಆಮೇಲೆ, ಅಕ್ಕ ಬಿದ್ದ ದೃಶ್ಯವನ್ನೇ ತೋರಿಸಿ ದಾರಿಗಣ್ಣುಗಳಿಗೆ ಕಲಿಸಲು ನನ್ನ ಒಪ್ಪಿಗೆ ಕೇಳಿದರು. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಇನ್ನೊಮ್ಮೆ ಬಂದಾಗಲೂ ಹಾಗೇ ಮಾಡಿದೆ. ಕೊನೆಗೆ ಹೂಂ ಎಂದೆ. ಈಗ ಯಂತ್ರ ಅವಳು ಬೀಳುವುದನ್ನು ಮತ್ತೆ ಮತ್ತೆ ನೋಡಿ ಕಲಿಯುತ್ತಿದೆ. ಮೊನ್ನೆ ರಸ್ತೆಯಲ್ಲಿ ಬಿದ್ದ ಮುದುಕರೊಬ್ಬರನ್ನು ಗುರುತಿಸಿತಂತೆ, ಅವರು ಬದುಕಿದ್ದಾರೆ. ಸುದ್ದಿ ಕೇಳಿ ಸಂತೋಷಪಡಬೇಕೆಂದುಕೊಂಡೆ. ಬಂದದ್ದು ಅಳು.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಒಂದು ದಿನ ರಸ್ತೆ ಮುಚ್ಚಿ, ನಿಮ್ಮವರನ್ನೇ ಅದರ ಮೇಲೆ ನಡೆಸಿ, ಬಿದ್ದವರಂತೆ ಮಲಗಿಸಿ, ಪಕ್ಕದಲ್ಲಿ ಗಾಡಿಗಳನ್ನು ನಿಲ್ಲಿಸದೆ ಓಡಿಸಿ, ಯಂತ್ರಕ್ಕೆ ತೋರಿಸಿ. ಮಣ್ಣು ಕೊಡವಿಕೊಂಡು ಎದ್ದು, ಊಟಕ್ಕೆ ಮನೆಗೆ ಹೋಗುವವರಿಂದ ಅದು ಕಲಿಯಲಿ.