ಜೊತೆಗಾರನ ಪರವಾಗಿ

ಮಾರ್ಚ್ 3, ಬೆಳಿಗ್ಗೆ

…ಸರ್ಜನ್ ಹೇಗಿದ್ದಾನೆ ಎಂದು ಅವನನ್ನೇ ಕೇಳಬಾರದು, ಎಂದೇನೋ ಅಂದರು ನಮ್ಮ ಸರ್ಜರಿ ವಿಭಾಗದ ಚೀಫ್. ಪ್ರಾಣ ಹೋಗುತ್ತಿದ್ದರೂ ಚೆನ್ನಾಗಿದ್ದೇನೆ ಅನ್ನುತ್ತಾನಂತೆ. ಅದಕ್ಕೇ ಹೊಸ ಪದ್ಧತಿ. ತರಬೇತಿಯಲ್ಲಿರುವ ನಾವೆಲ್ಲ ಜೋಡಿ ಜೋಡಿ. ರೌಂಡ್ಸ್‌ಗೆ ಮುಂಚೆ ಒಬ್ಬರ ಬಗ್ಗೆ ಇನ್ನೊಬ್ಬರು ಹೇಳಬೇಕು — ನಿದ್ದೆ, ಊಟ, ಮನಸ್ಸು. ಸರಿಯಿಲ್ಲ ಎಂದರೆ ಆಪರೇಷನ್ ಥಿಯೇಟರ್ ಇಲ್ಲ, ರಜೆ.

ನನಗೆ ಒಂಟೆ ಜೋಡಿ. ನನ್ನದೇ ಬ್ಯಾಚು. ಆಪರೇಷನ್ ಎಷ್ಟು ಹೊತ್ತು ನಡೆದರೂ ನೀರು ಕೇಳುವುದಿಲ್ಲ, ಆದ್ದರಿಂದ ಆ ಹೆಸರು.

ಲಿಫ್ಟ್‌ನಲ್ಲಿ ಅವನೇ ಶುರು ಮಾಡಿದ. "ನೋಡೇ, ನಾನು ಚೆನ್ನಾಗಿದೀನಿ ಅಂತ ನೀನು ಹೇಳು. ನಾನೂ ಹಾಗೇ ಹೇಳ್ತೀನಿ. ಕೇಸು ಕೈತಪ್ಪಬಾರದು."

"ನಾನು ನಿಜವಾಗ್ಲೂ ಚೆನ್ನಾಗಿದೀನಿ ಕಣೋ."

"ಕನ್ನಡಿ ನೋಡ್ಕೊಂಡಿಲ್ಲ ಅಂತ ಕಾಣತ್ತೆ."

ನಕ್ಕೆವು. ಒಪ್ಪಂದವಾಯಿತು.

ಮಾರ್ಚ್ 9

"ಏನಮ್ಮಾ, ನಿನ್ನ ಒಂಟೆ ಹೇಗಿದೆ?" ಚೀಫ್ ಕೇಳಿದರು.

"ಚೆನ್ನಾಗಿದೆ ಸರ್."

ಅವನ ಕಡೆ ತಿರುಗಿದರು. "ಇವಳು ಹೇಗಪ್ಪಾ?"

"ಕಲ್ಲುಗುಂಡು ಸರ್."

ಎಲ್ಲರಿಗೂ ನಗು. ಮಧ್ಯಾಹ್ನ ಅಮ್ಮನ ಫೋನ್. ಊಟ ಆಯ್ತಾ ಎಂದಳು. ಆಯ್ತು ಎಂದೆ. ಆಗಿರಲಿಲ್ಲ.

ಮಾರ್ಚ್ 22, ಸಂಜೆ

ಥಿಯೇಟರಿನ ಹೊರಗೆ, ಸಿಂಕ್ ಹತ್ತಿರ. ಒಂಟೆ ಕೈ ತೊಳೆದ, ಎತ್ತಿ ಹಿಡಿದ, ಬಾಗಿಲವರೆಗೆ ಹೋದ. ವಾಪಸ್ ಬಂದ. ಮತ್ತೆ ಸೋಪು. ಮತ್ತೆ ಬಾಗಿಲು. ಮತ್ತೆ ವಾಪಸ್. ಮೊಣಕೈವರೆಗೂ ಚರ್ಮ ಕೆಂಪು.

"ಸಾಕು ಬಾರೋ, ಒಳಗೆ ಕಾಯ್ತಿದಾರೆ."

"ಬಾಗಿಲು ತಳ್ಳಕ್ಕೆ ಆಗ್ತಿಲ್ಲ ನಂಗೆ."

ಬೆನ್ನು ಕೊಟ್ಟು ತಳ್ಳಿದರೆ ತೆರೆಯುವ ಬಾಗಿಲು. ಎಷ್ಟು ಸಲ ತಳ್ಳಿದ್ದಾನೋ. ನಾನೇ ತಳ್ಳಿ ಹಿಡಿದೆ. ಬಂದ. ಹೊಲಿಗೆ ನೀಟಾಗಿಯೇ ಹಾಕಿದ. ಹೊರಗೆ ಬಂದಮೇಲೆ ಒಂದೇ ಮಾತು —

"ನಾಳೆ ಹೇಳಬೇಡ."

"ಇಲ್ಲ" ಎಂದೆ.

ಮಾರ್ಚ್ 23

"ಒಂಟೆ ಹೇಗಿದೆ?"

ರೂಢಿಯ ಮಾತು ತುಟಿಗೆ ಬಂದಿತ್ತು. ಅವನ ಕೈ ಕಣ್ಣಿಗೆ ಬಿತ್ತು. ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದ.

"ಚೆನ್ನಾಗಿಲ್ಲ ಸರ್."

ಯಾರೂ ನಗಲಿಲ್ಲ. ಅವನ ಸರದಿ. ನನ್ನ ಕಡೆ ನೋಡದೆ, "ಅವಳು ಚೆನ್ನಾಗಿದ್ದಾಳೆ ಸರ್" ಎಂದ. ಮಾತು ಉಳಿಸಿಕೊಂಡ.

ಚೀಫ್ ಅವನ ಭುಜ ಮುಟ್ಟಿ ಮನೆಗೆ ಕಳಿಸಿದರು. ಕೋಟು ಕುರ್ಚಿಯ ಮೇಲೆ ಬಿಟ್ಟು ಹೋದ.

ಏಪ್ರಿಲ್ 11

ಒಂಟೆ ಫೋನ್ ಎತ್ತುವುದಿಲ್ಲ. ಅವನ ಅಕ್ಕನಿಗೇ ಮಾಡಿದೆ. ಅವರ ಮನೆಯಲ್ಲಿದ್ದಾನೆ.

"ಊಟ ಮಾಡ್ತಾನೆ, ಮಲಗ್ತಾನೆ. ಈಗ ಪರವಾಗಿಲ್ಲಮ್ಮ."

"ನನ್ನ ಬಗ್ಗೆ ಏನಾದ್ರೂ ಅಂದ್ನಾ ಅಕ್ಕಾ?"

"ಅವಳಿಗೀಗ ಕೇಸು ಜಾಸ್ತಿ ಸಿಗ್ತಿರಬೇಕು ಅಂದ."

ಸಿಗುತ್ತಿವೆ. ಅವನವೂ ಸೇರಿ.

ಏಪ್ರಿಲ್ 12

ಅವನು ಹೋದಾಗಿನಿಂದ ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದ ಚೀಫ್ ಇವತ್ತು ನಿಂತರು. "ಅಲ್ಲಮ್ಮಾ, ನಿನ್ನ ಬಗ್ಗೆ ಹೇಳೋರು ಯಾರು?" ಸಾಲಿನಲ್ಲಿದ್ದವರು ತಮ್ಮ ತಮ್ಮ ಜೋಡಿಯ ಕಡೆ ನೋಡಿಕೊಂಡರು. ನಾನಂತೂ ಹೇಳುವ ಹಾಗಿಲ್ಲ, ಪದ್ಧತಿಯೇ ಹಾಗೆ. ಚೀಫ್ ಮೊದಲ ಹಾಸಿಗೆಯ ಕಡೆ ನಡೆದುಬಿಟ್ಟರು.

ಕ್ಯಾಂಟೀನಿನಲ್ಲಿ ತುತ್ತು ಬಾಯಲ್ಲಿಟ್ಟುಕೊಂಡು ಕೂತಿದ್ದೆ. ನುಂಗಬೇಕೆಂದು ತೋಚಿದ್ದು ಮೇಜು ಒರೆಸುವವನು "ಮುಗೀತಾ ಮೇಡಂ?" ಎಂದಾಗ.

ಒಂಟೆ, ಇವತ್ತು ಆ ಸಾಲಿನಲ್ಲಿ ನೀನು ನಿಂತಿದ್ದರೆ ನನ್ನ ಬಗ್ಗೆ ಏನು ಹೇಳುತ್ತಿದ್ದೆಯೋ?